ಕೊಂಬೆ ಸವರುವ ಕೈಗೂ ವಿವೇಕ ಬೇಕು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ವಿದ್ಯಾರ್ಥಿಗಳಾದ ನಮ್ಮ ಮೇಲೆ ಪ್ರಯೋಗಿಸದ ಹಿರಿಯರು ವಿರಳ. ಆದರೆ ಗಿಡವನ್ನು ತಿದ್ದುವ, ಮರವನ್ನು ಸವರುವ ಕ್ರಮವೆಂತಹುದೆಂದು ಯೋಚಿಸಿದವರು ಇನ್ನೂ ವಿರಳ.

ಸವರುವುದೇ ತಪ್ಪೆಂದು ನಾನು ಹೇಳಲಾರೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ವಿಜಯಪುರದ ರೈತರು ದ್ರಾಕ್ಷಿಗೆ ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಚಾಟ್ನಿ ಮಾಡಿಯೇ ಫಸಲು ಪಡೆಯುತ್ತಾರೆ. ತುದಿಯ ಮೊಗ್ಗು ಪಕ್ಕದ ಮೊಗ್ಗುಗಳನ್ನು ಅಡಗಿಸಿಡುತ್ತದೆ. ತುದಿ ಹೋದೊಡನೆ ಅವು ಕಣ್ಣು ತೆರೆಯುತ್ತವೆ. ಕತ್ತರಿಯ ಗುಟ್ಟು ಇಷ್ಟೇ.

ಆದರೆ ನಮ್ಮ ಪೋತ್ನಾಳದ ಕಡೆ ಬೇವಿನ ಮರದ ಪಾಡೇನು? ವಿದ್ಯುತ್ ತಂತಿಗೆ ತಾಗಿತೆಂದು ಅದರ ನೆತ್ತಿಯನ್ನೇ ಹಾರಿಸುತ್ತಾರೆ. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲೇ ಆಡಿನ ಮೇವಿಗೆಂದು ಇಡೀ ಮರವನ್ನು ಬೋಳಿಸುತ್ತಾರೆ. ಬೋಳುಮರ ಮತ್ತೆ ಚಿಗುರುವುದು ನಿಜ. ಆದರೆ ಹಾಗೆ ಒತ್ತೊತ್ತಾಗಿ ಎದ್ದ ಕೊಂಬೆಗಳಿಗೆ ಬುಡದಲ್ಲಿ ಹಿಡಿತವಿಲ್ಲ. ವೈಶಾಖದ ಬಿರುಗಾಳಿಗೆ ಸಿಗಿದು ಬೀಳುವವು ಅವೇ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಕ್ಷರ ಕಲಿಯದ ನನ್ನ ತಂದೆಯವರು ದಪ್ಪ ಟೊಂಗೆ ಕಡಿಯುವಾಗ, "ಮೊದಲು ಕೆಳಗಿಂದ ಕಚ್ಚು ಹಾಕು, ಇಲ್ಲಂದ್ರ ತೊಗಟಿ ಸುಲಕೊಂಡು ಬರ್ತದ" ಎನ್ನುತ್ತಾರೆ. ಗ್ರಂಥಗಳೂ ಅದನ್ನೇ ಹೇಳುತ್ತವೆ. ಅಮೆರಿಕದ ವೃಕ್ಷವಿಜ್ಞಾನಿ ಅಲೆಕ್ಸ್ ಶೈಗೋ 1970ರ ದಶಕದಲ್ಲಿ ಮರಗಳನ್ನು ಸೀಳಿ ಪರೀಕ್ಷಿಸಿ, ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರವು ಅದರ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ ಎಂದು ತೋರಿಸಿದರು. ಕೊಂಬೆಯ ಬುಡದಲ್ಲಿರುವ ಉಬ್ಬು ಆ ಕಾರ್ಯಕ್ಕೆ ಮುಖ್ಯವಾದುದು. ಆದ್ದರಿಂದ ಉಬ್ಬನ್ನು ಉಳಿಸಿ, ಅದರ ಹೊರಗಡೆಗೆ ಕಡಿಯಬೇಕು. ಕಾಂಡಕ್ಕೆ ಹತ್ತಿಸಿ ಹೆರೆಯಲೂಬಾರದು, ಉದ್ದ ಮೋಟು ಬಿಡಲೂಬಾರದು.

ಆಡು ಸಾಕುವ ಬಡವರಿಗೆ ಸೊಪ್ಪು ಬೇಡವೆನ್ನುವುದು ಅನ್ಯಾಯ. ನನ್ನ ಸಲಹೆ ಇಷ್ಟೇ: ಒಂದು ವರ್ಷದಲ್ಲಿ ಮರದ ಕಾಲುಭಾಗಕ್ಕಿಂತ ಹೆಚ್ಚು ಸೊಪ್ಪು ತೆಗೆಯದೆ, ಮರದಿಂದ ಮರಕ್ಕೆ ಸರದಿ ಇಟ್ಟುಕೊಳ್ಳಲಿ. ದೊಡ್ಡ ಕೊಂಬೆ ಸವರುವುದು ಹೊಸ ಎಲೆ ಮೂಡುವ ಮೊದಲೇ, ಮಾಘದ ಸುಮಾರಿಗೆ ಮುಗಿಯಲಿ. ಯುಗಾದಿಯ ಬಳಿಕ ನೆರಳು ಉಳಿಯಲಿ. ತಂತಿಯ ಕೆಳಗೆ ಇನ್ನು ಮುಂದೆ ಬೇವು ಹಚ್ಚುವ ಬದಲು ದಾಸವಾಳ, ಕಣಗಿಲೆ ಹಚ್ಚೋಣ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಸಸಿ ನೆಡುವುದರ ಜೊತೆಗೆ ಸವರುವ ಕೆಲಸವನ್ನೂ ಕಲಿಸಲಿ. ಕಲಿಸುವುದಕ್ಕೆ ಊರಿನ ಒಬ್ಬ ಹಿರಿಯ ರೈತರನ್ನೇ ಕರೆಯಲಿ.

ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳಲು ಒಂದು ದಿನ ಸಾಕು. ಆ ಸಸಿ ನಾಲ್ಕು ಜನರಿಗೆ ನೆರಳಾಗಬೇಕಾದರೆ ಅದರ ಬಳಿಗೆ ವರ್ಷವರ್ಷವೂ ಬಲ್ಲವರೊಬ್ಬರು ಹೋಗಬೇಕು. ಆ ಬಲ್ಲವರು ನಾವಾಗೋಣ.