ಅಗೆಯದೆ ಕಂಡ ಬಣ್ಣದ ಊರು

ಮಕ್ಕಳೇ, ಹೊಲದ ಬದುವಿನಲ್ಲಿ ಹಳೇ ಮಡಕೆಯ ಚೂರು ಕಂಡರೆ ಏನು ಮಾಡುತ್ತೀರಿ? ಕೋಲು ತಂದು ಕೆದಕುತ್ತೀರಿ, ಅಲ್ಲವೇ? ಪುರಾತತ್ತ್ವದವರು ಹಾಗೆ ಮಾಡುವುದಿಲ್ಲ. ಒಮ್ಮೆ ಅಗೆದ ಮಣ್ಣಿನ ಪದರಗಳನ್ನು ಮತ್ತೆ ಇದ್ದ ಹಾಗೆ ಜೋಡಿಸಲು ಯಾರಿಂದಲೂ ಆಗದು. ಹಾಗಾದರೆ ಒಳಗೇನಿದೆ ಎಂದು ತಿಳಿಯುವುದು ಹೇಗೆ?

ಆಫ್ರಿಕಾದ ಟ್ಯುನೀಷಿಯಾ ದೇಶಕ್ಕೆ ಸೇರಿದ ಜೆರ್ಬಾ ದ್ವೀಪದ ಕಡಲಂಚಿನಲ್ಲಿ ಮೆನಿಂಕ್ಸ್ ಎಂಬ ಊರಿತ್ತು. ಆಫ್ರಿಕಾದ ಉತ್ತಮ ನೇರಳೆ ಬಣ್ಣ ಅಲ್ಲಿಯದು ಎಂದು ರೋಮ್‌ನ ಪ್ಲಿನಿ ಸುಮಾರು 1,950 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಈ ಬಣ್ಣ ಗಿಡದ್ದಲ್ಲ, ಮ್ಯೂರೆಕ್ಸ್ ಎಂಬ ಕಡಲ ಬಸವನಹುಳುವಿನದು. ಅದರ ಮೈಯೊಳಗಿನ ಪುಟ್ಟ ಗ್ರಂಥಿಯ ರಸ ಮೊದಲು ಬಿಳಿಚಿಕೊಂಡಿರುತ್ತದೆ. ಗಾಳಿ ಬೆಳಕು ತಾಗಿದಂತೆ ಹಸಿರಾಗಿ, ಕಡೆಗೆ ನೇರಳೆಗೆ ತಿರುಗುತ್ತದೆ. ಗ್ರಂಥಿಗಳಿಗೆ ಉಪ್ಪು ಹಾಕಿ ಮೂರು ದಿನ ಬಿಟ್ಟು, ಆಮೇಲೆ ದಿನಗಟ್ಟಲೆ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದರು. ನಾತ ಹೇಗಿದ್ದಿರಬೇಕು, ಮೀನು ಒಣಗಿಸುವ ಕಡೆ ಓಡಾಡಿದ ಅಜ್ಜ ಅಜ್ಜಿಯರೇ ಹೇಳಲಿ! 1909ರಲ್ಲಿ ಫ್ರೀಡ್‌ಲ್ಯಾಂಡರ್ ಎಂಬ ರಸಾಯನ ವಿಜ್ಞಾನಿ 12,000 ಹುಳುಗಳಿಂದ ತೆಗೆದದ್ದು ಬರೀ 1.4 ಗ್ರಾಂ ಬಣ್ಣ. ಅರ್ಧ ಟೀ ಚಮಚ ಸಕ್ಕರೆಯ ತೂಕವೂ ಇಲ್ಲ. ರಾಜರ ಉಡುಪಿಗೆ ಎಷ್ಟು ಹುಳು ಸತ್ತವೋ! ತಮಾಷೆಯೆಂದರೆ, ನಮ್ಮ ನೀಲಿ ಗಿಡದ ಬಣ್ಣಕ್ಕೆ ಇದು ಹತ್ತಿರದ ನೆಂಟ. ಎರಡು ಬ್ರೋಮಿನ್ ಪರಮಾಣುಗಳಷ್ಟೇ ವ್ಯತ್ಯಾಸ.

2015ರಲ್ಲಿ ಟ್ಯುನೀಷಿಯಾದ ಮತ್ತು ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ತಜ್ಞರು ಮೆನಿಂಕ್ಸ್‌ನಲ್ಲಿ ಮ್ಯಾಗ್ನೆಟೋಮೀಟರ್‌ನಿಂದ ಸರ್ವೆ ಮಾಡಿದರು. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಶಕ್ತಿ ಯಾವ ಜಾಗದಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಈ ಯಂತ್ರಕ್ಕೆ ಗೊತ್ತಾಗುತ್ತದೆ. ಉಳುವ ಹಾಗೆ ಸಾಲು ಹಿಡಿದು ಅದರೊಂದಿಗೆ ನಡೆಯಬೇಕು. ಜೇಬಿನಲ್ಲಿ ಬೀಗದ ಕೈ, ಸೊಂಟದಲ್ಲಿ ಕಬ್ಬಿಣದ ಬಕಲ್ ಇದ್ದರೆ ಲೆಕ್ಕವೆಲ್ಲ ಕೆಟ್ಟಿತು!

ಮಣ್ಣು ಚೆನ್ನಾಗಿ ಸುಟ್ಟು ಆರುವಾಗ ಆ ಹೊತ್ತಿನ ಕಾಂತದಿಕ್ಕನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹಳೇ ಒಲೆ, ಗೂಡುಗಳು ನಕ್ಷೆಯಲ್ಲಿ ಎದ್ದು ಕಾಣುತ್ತವೆ. ಸುಣ್ಣಕಲ್ಲಿನ ಗೋಡೆಗೆ ಕಾಂತಗುಣ ಕಡಿಮೆ. ಸುತ್ತಲಿನ ಮಣ್ಣಿನ ನಡುವೆ ಅದು ಗೆರೆಯಾಗಿ ಮೂಡುತ್ತದೆ. ಹೀಗೆ ಗುದ್ದಲಿ ಎತ್ತದೆಯೇ ಮೆನಿಂಕ್ಸ್‌ನ ಬೀದಿಗಳು, ಕಟ್ಟಡಗಳು ಕಾಗದದ ಮೇಲೆ ಬಂದವು.

ಆದರೆ ಸುಟ್ಟ ಮಣ್ಣು ಬಣ್ಣದ ಒಲೆಯದೋ ರೊಟ್ಟಿಯ ಒಲೆಯದೋ, ಅದನ್ನು ಯಂತ್ರ ಹೇಳಲಾರದು. ಅದಕ್ಕೆ ಸಾಕ್ಷಿ ಮ್ಯೂರೆಕ್ಸ್ ಚಿಪ್ಪಿನ ರಾಶಿಗಳು. ನಕ್ಷೆಯನ್ನೂ ರಾಶಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ, ಬೇಕಾದ ಕಡೆ ಮಾತ್ರ ಚಿಕ್ಕ ಗುಂಡಿ ತೆಗೆದರೆ ಸಾಕು. ಉಳಿದದ್ದು ಮಣ್ಣಿನೊಳಗೇ ಭದ್ರವಾಗಿರುತ್ತದೆ.