ಚೌಡಿಕಿ ಹೊಸ್ತಿಲ ಒಳಗ ಯಾಕ ಬರಬಾರದು?

ಅಕ್ಕಾರ, ತಂಗ್ಯಾರ, ಪುಂಡಿಪಲ್ಯ, ಕಡಬು ಅಂತ ಬರದಾಗ ಎಲ್ಲಾರೂ ಚಂದ ಐತಿ ಅಂತೀರಿ. ಈ ಸಲ ಬರಿಯೋದು ಕೆಲವರಿಗೆ ಸೇರಲಿಕ್ಕಿಲ್ಲ. ಸೇರದಿದ್ರ ಮನಿಗೇ ಬಂದು ಬೈರಿ, ಚಾ ಕುಡದು ಹೋಗ್ರಿ.

ನಾ ಹೇಳೋದು ಇಷ್ಟ. ಚೌಡಿಕಿ ಒಂದು ತಂತಿ ವಾದ್ಯ. ಅದನ್ನ ನಮ್ಮ ಮನಿ ಹುಡುಗ್ಯಾರು ಕಲೀಬೇಕು. ‘ಅದು ಜೋಗಮ್ಮಗೋಳದ್ದು, ಮುಟ್ಟಬ್ಯಾಡ’ ಅನ್ನೋ ಮಾತು ಇನ್ನ ಸಾಕು.

ಯಾಕ ಈ ಮಾತು ಬಂತು ಅಂದ್ರ, ಹೋದ ಹುಣ್ಣಿವಿಗೆ ನಮ್ಮ ಓಣಿಗೆ ಜೋಗಮ್ಮ ಒಬ್ಬಾಕಿ ಬಂದಿದ್ದಳು, ಪಡ್ಡಲಗಿ ತುಂಬಿಸಿಕೊಳ್ಳಾಕ. ನಾ ಕಟ್ಟಿ ಮ್ಯಾಲೆ ಕುಂತು ಅಕ್ಕಿ ಹಸನ ಮಾಡಾಕತ್ತಿದ್ದೆ. ಎದುರಿನ ಮನಿ ಹುಡುಗಿ, ಏಳನೇತ್ತಾ ಓದ್ತೈತಿ, ಚೌಡಿಕಿ ಹೆಂಗ ನುಡಿತೈತಿ ಅಂತ ಕೇಳ್ತು. ಆಕಿ ನಗುನಗುತಾ ಅದರ ಬಗಲಾಗ ಇಟ್ಟು, ‘ಮೀಟು ನೋಡೂಣು ತಂಗಿ’ ಅಂದಳು. ಹುಡುಗಿ ಎರಡು ಸಲ ಮೀಟಿದ್ದಕ್ಕ ಒಳಗಿಂದ ಹಿರೇರು ಓಡಿ ಬಂದ್ರು. ಚೌಡಿಕಿ ಕಸಗೊಂಡು ಕೆಳಗ ಇಟ್ರು, ಹುಡುಗಿ ಕೈ ತೊಳಿಸಿದ್ರು. ಜೋಗಮ್ಮ ಒಂದು ಮಾತೂ ಆಡಲಿಲ್ಲ. ಚೌಡಿಕಿ ಎತ್ತಿಕೊಂಡು ಮುಂದಿನ ಮನಿಗೆ ಹೋದಳು. ಅದ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳಾಕ ನಮಗ ಮೈಲಿಗಿ ಇಲ್ಲ, ಗೊತ್ತಿರಲಿ.

ಅಂಜಿಕಿ ಎಲ್ಲಿಂದ ಬಂತು ಅನ್ನೋದು ನನಗೂ ಗೊತ್ತೈತಿ. ಮುತ್ತು ಕಟ್ಟಿ ಹುಡುಗ್ಯಾರ ಬಾಳೇವು ಹಾಳು ಮಾಡಿದ್ದನ್ನ ನಮ್ಮ ಸೀಮಿ ಮಂದಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1982ರಾಗ ಸರಕಾರ ದೇವದಾಸಿ ಬಿಡೋದನ್ನ ತಡಿಯೋ ಕಾಯಿದೆ ಮಾಡಿತು, ಛಲೋ ಮಾಡಿತು. ಆ ಪದ್ಧತಿ ಬೇರು ಸಮೇತ ಹೋಗಲಿ. ಆದರ ಮುತ್ತು ಕಟ್ಟಿದ್ದು ಮನಷ್ಯಾರು, ತಂತಿ ಅಲ್ಲ. ಪದ್ಧತಿ ಬಿಡಸ್ತೀವಿ ಅಂತ ಆ ಹೆಣ್ಣುಮಕ್ಕಳ ಕೈಯಾನ ವಿದ್ಯಾನೂ ತಿಪ್ಪಿಗೆ ಚೆಲ್ಲೋದು ಯಾವ ನ್ಯಾಯ?

ಅದು ಸಣ್ಣ ವಿದ್ಯಾ ಅಂತ ತಿಳೀಬ್ಯಾಡ್ರಿ. ಕಾಳು ಅಳಿಯೋ ಸೇರು ಇರ್ತೈತಲ್ಲ, ಹಂಗ ಕಟಗಿಯ ಒಂದು ಪೊಳ್ಳ ಕೊಳಗ. ಒಂದು ಬಾಯಿಗೆ ಚರ್ಮ ಬಿಗಿದಿರ್ತಾರ, ಇನ್ನೊಂದು ಬಾಯಿ ಬಯಲು. ಚರ್ಮದ ನಡುವಿನಿಂದ ಒಂದ ತಂತಿ ಎದ್ದು, ಮಗ್ಗಲಿಗೆ ಜೋಡಿಸಿದ ಕೋಲಿನ ತುದಿಗೆ ಹೋಗಿ ಕಟ್ಟಿಕೊಳ್ತೈತಿ. ಕೊಳಗ ಎಡಗೈ ಬಗಲಾಗ, ಬಲಗೈಯಾಗ ಮೀಟೋ ಕಡ್ಡಿ. ತಂತಿ ಬಿಗಿ ಹೆಚ್ಚುಕಡಿಮಿ ಆದಂಗ ದನಿ ಏರ್ತೈತಿ, ಇಳೀತೈತಿ, ಬಿಕ್ಕಿ ಅತ್ತಂಗನೂ ಆಕ್ಕೈತಿ. ಅಂದ್ರ ತಂತಿನೂ ಅದ, ಡೋಲೂ ಅದ. ಒಂದು ಸಾಮಾನಿನಾಗ ಎರಡು ಕೆಲಸ, ನಮ್ಮ ಅಡಗಿಮನಿ ಲೆಕ್ಕ ಇದ್ದಂಗ ಐತಿ. ಇದರ ಮ್ಯಾಲೆ ರೇಣುಕಾ ಎಲ್ಲಮ್ಮನ ಕಥಿ ರಾತ್ರಿ ಪೂರಾ ಹಾಡ್ತಾರ, ಪುಸ್ತಕ ಇಲ್ಲ, ಚೀಟಿ ಇಲ್ಲ. ಮಹಾರಾಷ್ಟ್ರದಾಗ ಚೌಂಡಕಾ ಅಂತಾರ. ಬಂಗಾಲದ ಬಾವುಲರ ಕೈಯಾಗ ಖಮಕ್ ಅಂತ ಐತಿ, ಅದೂ ಚರ್ಮದಿಂದ ತಂತಿ ಎಳೆದದ್ದ, ಇದರ ದಾಯಾದಿನ ಅನ್ರಿ. ಆ ಬಾವುಲರ ಹಾಡು ಕೇಳಾಕ ದೇಶ ದೇಶದಿಂದ ಮಂದಿ ಬರ್ತಾರ.

ಈಗ ಏಕತಾರಿ ನೋಡ್ರಿ. ಸೋರಿ ಬುರುಡಿ, ಒಂದು ಕೋಲು, ಒಂದು ತಂತಿ. ನಮ್ಮ ಭಜನಿಯಾಗ ಅದನ್ನ ಕಣ್ಣಿಗೆ ಒತ್ತಿಕೊಂಡು ಹಿಡೀತಾರ. ಶಿಶುನಾಳ ಷರೀಫಜ್ಜಾರು (1819ರಿಂದ 1889) ನಮ್ಮ ಜಿಲ್ಲಾದ ಶಿಗ್ಗಾಂವಿ ಸೀಮಿಯವರು. ತಂಬೂರಿನ ಈ ದೇಹಕ್ಕ ಹೋಲಿಸಿ ಹಾಡಿದ್ರು. ಅವರ ಪದ ಹಾಡದ ಭಜನಿ ಇಲ್ಲ. ಅವರು ಮುಸಲ್ಮಾನರು, ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಆ ಕಾಲದಾಗ ಮಂದಿ ಸುಮ್ಮನಿದ್ರೇನು? ಆದ್ರೂ ತಂಬೂರಿ ಗುಡಿಯೊಳಗ ಬಂತು. ಅದೂ ಒಂದು ತಂತಿ, ಇದೂ ಒಂದು ತಂತಿ. ಗಂಡಸರ ಕೈಯಾಗಿನದು ಗುಡಿ ಗ್ವಾಡಿಗೆ, ಹೆಣ್ಣುಮಕ್ಕಳ ಕೈಯಾಗಿನದು ಹೊಸ್ತಿಲ ಹೊರಗ.

‘ಮರ್ಯಾದಸ್ಥರ ಮನ್ಯಾಗ ಅದೆಲ್ಲ ಚಂದ ಕಾಣಂಗಿಲ್ಲ’ ಅಂತ ನಮ್ಮ ವೈನಿ ಅಂದ್ರು. ವೈನಿಯಾರ, ಗಂಗೂಬಾಯಿ ಹಾನಗಲ್ಲರನ್ನ ನೆನಸ್ರಿ. 1913ರಾಗ ಹುಟ್ಟಿದವರು, ಹಾನಗಲ್ಲ ಅನ್ನೋ ಹೆಸರು ನಮ್ಮ ಜಿಲ್ಲಾದ ಊರಿನದು. ಧಾರವಾಡದಾಗ ಸಣ್ಣಾಕಿ ಇದ್ದಾಗ ಓಣ್ಯಾಗ ಹೊಂಟರ ‘ಗಾನೇವಾಲಿ’ ಅಂತ ಹಂಗಸ್ತಿದ್ರಂತ, ಅವರ ಹೇಳಿಕೊಂಡಾರ. 2002ರಾಗ ಅವರಿಗೆ ಪದ್ಮವಿಭೂಷಣ ಬಂತು. ಇವತ್ತು ಅದ ಸಂಗೀತದ ಕ್ಲಾಸಿಗೆ ನಾವು ಫೀ ಕಟ್ಟಿ ಮಕ್ಕಳನ್ನ ಕಳಸ್ತೀವಿ, ಫೋಟೋ ತಗದು ಗ್ರೂಪಿಗೆ ಹಾಕ್ತೀವಿ. ತಂಬೂರಿ ಮ್ಯಾಲಿನ ಕಲೆ ತೊಳದು ಹೋತು. ಚೌಡಿಕಿ ಮ್ಯಾಲಿಂದು ಯಾಕ ಹೋಗಂಗಿಲ್ಲ? ಜೋಗತಿ ಮಂಜಮ್ಮನವರು 2019ರಾಗ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರ ಪದ್ಮಶ್ರೀ ಪಡದ್ರು. ಟೀವಿಯಾಗ ನೋಡಿ ನಾವೆಲ್ಲ ಚಪ್ಪಾಳಿ ಹೊಡದ್ವಿ. ಗೊಟಗೋಡಿಯಾಗ ಜಾನಪದ ವಿಶ್ವವಿದ್ಯಾಲಯನ ಐತಿ, 2011ರಿಂದ. ಅಷ್ಟೆಲ್ಲ ಜಿಲ್ಲಾದಾಗ ಇಟಗೊಂಡು, ಚೌಡಿಕಿ ಮೀಟಿದ ಹುಡುಗಿ ಕೈ ಸಬಕಾರ ಹಚ್ಚಿ ತೊಳಸ್ತೀವಿ!

ದೂರದ ಮಾತು ಒಂದು ಹೇಳ್ತೀನಿ. ನನ್ನ ತಂಗಿ ಮಗ ಫೋನಿನಾಗ ತೋರಿಸಿದ್ದು. ಆಫ್ರಿಕಾದ ಪಡುವಲ ಕಡೆ ಕೋರಾ ಅಂತ ಐತಿ. ದೊಡ್ಡ ಸೋರಿ ಬುರುಡಿ ಅರ್ಧ ಕೊಯ್ದು, ಆಕಳ ಚರ್ಮ ಬಿಗಿದು, 21 ತಂತಿ ಕಟ್ಟಿರ್ತಾರ. ಅದು ಕೆಲವು ಮನೆತನದ್ದ ಸೊತ್ತು, ಅಪ್ಪನಿಂದ ಮಗನಿಗೆ ಹೋಗೂದು, ಹೆಣ್ಣುಮಕ್ಕಳು ನುಡಿಸ್ತಿರಲಿಲ್ಲ. ಅಂಥಾದ್ದರಾಗ ಗ್ಯಾಂಬಿಯಾ ದೇಶದ ಸೋನಾ ಜೋಬಾರ್ತೆ ಅನ್ನಾಕಿ ಕಲತು ಜಗತ್ತೆಲ್ಲ ನುಡಿಸಾಕತ್ತಾಳ, ಮಕ್ಕಳಿಗೆ ಸಾಲೀನೂ ತಗದಾಳ. ಆಕಿ ಗಂಡಸರ ಕೈಯಾಗಿಂದ ಇಸಗೊಬೇಕಾತು. ನಮ್ಮಲ್ಲೆ ತಂತಿ ಮೊದಲ ಹೆಣ್ಣಿನ ಬಗಲಾಗ ಐತಿ, ನಾವ ಒಲ್ಯಾ ಅಂತೀವಿ.

‘ಕಲತು ಏನು ನೌಕರಿ ಸಿಗತೈತಿ?’ ಅಂತ ಕೇಳೋರಿಗೆ ನನ್ನ ಕಡೆ ಉತ್ತರ ಇಲ್ಲ. ರಂಗೋಲಿ ಹಾಕಿದ್ರ ಏನು ಸಿಗತೈತಿ ಅಂತ ಮೊದಲ ನೀವು ಹೇಳ್ರಿ.

ಜೋಗಮ್ಮಗೋಳಿಗೆ ವಯಸ್ಸಾಗೈತಿ. ಅವರ ಮಕ್ಕಳು ಈ ಕೆಲಸ ಒಲ್ಯಾ ಅಂತಾರ, ಅನ್ನಬೇಕು ಕೂಡ. ಹಂಗಾರ ಚೌಡಿಕಿ ಕಲಿಯೋ ಕೈ ಬ್ಯಾರೆ ಎಲ್ಲಿಂದರ ಬರಬೇಕಲ್ಲ? ಮುತ್ತು ಬ್ಯಾಡ, ಹರಕಿ ಬ್ಯಾಡ, ಬರೀ ವಿದ್ಯಾ. ಕಲಿಸೋರನ್ನ ಮಾಸ್ತರಬಾಯಿ ಅಂತ ಜಮಖಾನಿ ಹಾಸಿ ಕುಂದ್ರಸಬೇಕು, ಪಗಾರ ಕೊಡಬೇಕು. ಮೊರದಾಗ ಜೋಳ ಹಾಕಿ ಕಳಸೋದಲ್ಲ.

ಶ್ರಾವಣದಾಗ ಸೋಮವಾರ ಭಜನಿ ಆದ ಮ್ಯಾಲೆ ನಮ್ಮ ಪಡಸಾಲ್ಯಾಗ ಒಂದು ತಾಸು ಕಲಿಸಾಕ ಆ ಜೋಗಮ್ಮನ್ನ ಕೇಳೀನಿ. ಮೊದಲು ನಂಬಲಿಲ್ಲ, ‘ಒಳಗ ಬರಬೇಕೇನ್ರಿ ಅವ್ವಾರ?’ ಅಂತ ಎರಡು ಸಲ ಕೇಳಿದಳು. ಹ್ಞೂಂ ಅಂದೀನಿ. ಮನಿಗೆ ನೂರು ರೂಪಾಯಿ ಹಾಕೂಣು. ಮೂರು ಮಂದಿ ಕೊಟ್ಟಾರ, ವೈನಿಯಾರದ್ದು ಇನ್ನೂ ಬಂದಿಲ್ಲ.