‘ಇತರೆ’ ಕಟ್ಟಿನಲ್ಲಿ ಉಳಿದ ಇತಿಹಾಸ

ಸರ್ಕಾರಿ ಕಚೇರಿಗಳಲ್ಲಿ ಆಯುಷ್ಯ ಸವೆಸಿದವರಿಗೆ ‘ಇತರೆ’ ಎಂಬ ಪದದ ಮಹಿಮೆ ಗೊತ್ತು. ಯಾವ ಶೀರ್ಷಿಕೆಗೂ ಹೊಂದದ ಕಾಗದಗಳೆಲ್ಲ ಆ ಕಟ್ಟಿಗೆ ಸೇರುತ್ತವೆ. ದಾಖಲೆ ಕೊಠಡಿಯಲ್ಲಿ ಜಾಗ ಸಾಲದಾದಾಗ ಮೊದಲು ನಾಶವಾಗುವುದೂ ಅದೇ ಕಟ್ಟು. ಮೂರು ದಶಕಗಳ ಸೇವೆಯಲ್ಲಿ ಇಂಥ ಎಷ್ಟೋ ವಿಲೇವಾರಿ ಪಟ್ಟಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಹಿಂದೆ ಮುಂಬೈ ಪ್ರಾಂತ್ಯದಲ್ಲಿದ್ದ ತಾಲ್ಲೂಕೊಂದರಲ್ಲಿ, ಮೋಡಿ ಲಿಪಿಯ ಒಂದು ಗಂಟನ್ನು ‘ಓದಬಲ್ಲವರಿಲ್ಲ’ ಎಂಬ ಏಕೈಕ ಕಾರಣಕ್ಕೆ ಸುಡಲು ಅನುಮತಿ ನೀಡಿದ್ದು ಇಂದಿಗೂ ಮನಸ್ಸನ್ನು ಕೊರೆಯುತ್ತದೆ.

ಇತ್ತೀಚೆಗೆ ಧಾರವಾಡ ಸೀಮೆಯ ಒಂದು ಸಣ್ಣ ಚರ್ಚಿನಲ್ಲಿ ಆ ನೆನಪು ಮರುಕಳಿಸಿತು. ಸಭಾಪಾಲಕರು ತಗಡಿನ ಟ್ರಂಕೊಂದನ್ನು ತೆರೆದು ತೋರಿಸಿದರು. ಹರಿದ ದೀಕ್ಷಾಸ್ನಾನದ ಪುಸ್ತಕ, ರಶೀದಿಗಳು, ಜರ್ಮನ್ ಭಾಷೆಯ ಕೆಲವು ಹಾಳೆಗಳು, ಗೆದ್ದಲು ತಿಂದ ಕನ್ನಡ ಪತ್ರಗಳು. ಅವುಗಳಲ್ಲೊಂದು 1877ರ ಪತ್ರ. ನೇಕಾರನೊಬ್ಬ ನೂಲು ಕೊಳ್ಳಲು ಸಾಲ ಬೇಡಿದ್ದಾನೆ. ಮಗ್ಗವನ್ನು ಮಾರಿದರೆ ಮುಂದೆ ಬದುಕುವ ಬಗೆ ಹೇಗೆಂದು ಕೇಳಿದ್ದಾನೆ. ಬೇರೆಯವರ ಕೈಯಲ್ಲಿ ಬರೆಸಿದ ಪತ್ರ. ಸಹಿಯ ಜಾಗದಲ್ಲಿ ಬರಿಯ ಒಂದು ಗೀಟು. ಕೆಳಗಿನ ಅರ್ಧ ಹಾಳೆ ಇಲ್ಲ. ಸಾಲ ದೊರೆಯಿತೇ, ಮಗ್ಗ ಉಳಿಯಿತೇ ಎಂಬುದು ತಿಳಿಯದು.

1876-78ರ ಬರವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅಂಕಿಅಂಶಗಳಲ್ಲಿ ಓದಿದ್ದೆ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಬರದ ಭೀಕರತೆಯನ್ನು ಈ ಅಂಕಿಗಳು ಹೇಳುತ್ತವೆ. ಆದರೆ ಹಸಿದವನು ಮೊದಲು ಏನನ್ನು ಮಾರಿದ, ಯಾವುದನ್ನು ಉಳಿಸಿಕೊಳ್ಳಲು ಹೆಣಗಿದ ಎಂಬುದನ್ನು ಇಂಥ ಹರಕು ಕಾಗದವೇ ಹೇಳಬೇಕು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕನ್ನಡಿಗರಿಗೆ ಅಪರಿಚಿತವೇನಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1865ರ ಹೆಂಚಿನ ಕಾರ್ಖಾನೆ, 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಇವೆಲ್ಲ ಪಠ್ಯಪುಸ್ತಕಗಳನ್ನು ಸೇರಿವೆ. ಮತಾಂತರಗೊಂಡವರು ಜಾತಿಯ ಆಸರೆಯೊಂದಿಗೆ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಜೀವನೋಪಾಯ ಕಲ್ಪಿಸುವುದು ನೇಯ್ಗೆ ಮತ್ತು ಹೆಂಚಿನ ಉದ್ಯಮಗಳ ಮುಖ್ಯ ಉದ್ದೇಶವಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು. ಉದ್ಯಮಗಳೂ ಮಿಷನ್ನಿನ ಕೈತಪ್ಪಿದವು. ನಮ್ಮ ಕರಾವಳಿಯ ಕೈಗಾರಿಕೀಕರಣದ ಮೊದಲ ಅಧ್ಯಾಯವನ್ನು ಈ ಕಾಗದಗಳಿಲ್ಲದೆ ಬರೆಯಲಾಗದು.

ಮಿಷನರಿಗಳು ಸ್ವದೇಶಕ್ಕೆ ಕಳುಹಿಸಿದ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸುರಕ್ಷಿತವಾಗಿವೆ. ಅಲ್ಲಿನ ಸಾವಿರಾರು ಹಳೆಯ ಛಾಯಾಚಿತ್ರಗಳನ್ನು ಇಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವೂ ಅಮೂಲ್ಯ ಗ್ರಂಥ, ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿದೆ. ಆದರೆ ಒಳನಾಡಿನ ಸಣ್ಣ ಚರ್ಚುಗಳ ಟ್ರಂಕುಗಳಲ್ಲಿ ಉಳಿದ ಚೂರುಪಾರು ಕಾಗದಗಳ ಗತಿಯೇನು? 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇವುಗಳ ರಕ್ಷಣೆಗೆ ಬಾರದು. ಅದು ಸರ್ಕಾರಿ ದಾಖಲೆಗಳಿಗೆ ಸಂಬಂಧಿಸಿದ್ದು.

ಮಿಷನರಿಗಳ ಬರಹ ಪಕ್ಷಪಾತದ್ದಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ದೇಣಿಗೆ ನೀಡುವವರ ಮನಗೆಲ್ಲಲು ಬರೆದ ವರದಿಯಲ್ಲಿ ಉತ್ಪ್ರೇಕ್ಷೆ ಇರುತ್ತದೆ; ಸ್ಥಳೀಯ ನಂಬಿಕೆಗಳ ಬಗ್ಗೆ ತಾತ್ಸಾರವೂ ಇರುತ್ತದೆ. ಆದರೆ ಮೇಲಧಿಕಾರಿಯನ್ನು ಮೆಚ್ಚಿಸಲು ಬರೆದ ಸರ್ಕಾರಿ ಟಿಪ್ಪಣಿ ಇದಕ್ಕಿಂತ ಪ್ರಾಮಾಣಿಕವೆಂದು ನಾನಂತೂ ಹೇಳಲಾರೆ. ಪ್ರಕಟಣೆಯ ಉದ್ದೇಶವೇ ಇಲ್ಲದ ರಶೀದಿ, ಬಿನ್ನಹ, ಕೂಲಿಯ ಲೆಕ್ಕಗಳು ಆ ವರದಿಗಳನ್ನು ಒರೆಗೆ ಹಚ್ಚಲು ನೆರವಾಗುತ್ತವೆ. ಅವು ಯಾವುದೇ ಒಂದು ಮತದ ಸ್ವತ್ತಲ್ಲ, ನಾಡಿನ ಆರ್ಥಿಕ ಚರಿತ್ರೆಯ ಆಕರಗಳು.

ಚರ್ಚುಗಳ ಹಿಂಜರಿಕೆಗೂ ಕಾರಣವುಂಟು. ಹಳೆಯ ಕಾಗದ ಹೊರಬಿದ್ದರೆ ಜಮೀನಿನ ವ್ಯಾಜ್ಯ ಎದ್ದೀತೆಂಬ ಭಯ ಅವರದು. ಮಠಗಳು, ವಕ್ಫ್ ಸಂಸ್ಥೆಗಳು, ದೇವಸ್ಥಾನಗಳ ಆಡಳಿತಗಾರರಲ್ಲೂ ಇದೇ ಭಯವನ್ನು ಕಂಡಿದ್ದೇನೆ. ಆದ್ದರಿಂದ ಒಡೆತನದ ಪ್ರಶ್ನೆಯನ್ನು ಎತ್ತದೆಯೇ ಕೆಲಸ ಆರಂಭಿಸುವುದು ವಿವೇಕ. ಮೂಲ ಕಾಗದ ಇದ್ದಲ್ಲೇ ಇರಲಿ. ರಾಜ್ಯ ಪತ್ರಾಗಾರ ಇಲಾಖೆ ತನ್ನ ತಜ್ಞರ ನೆರವು ನೀಡಲಿ; ಆಸ್ತಿ ಪತ್ರಗಳು ಮತ್ತು ಖಾಸಗಿ ವಿವರಗಳನ್ನು ಬೇರೆಯಾಗಿರಿಸಿ, ಉಳಿದವುಗಳ ಛಾಯಾಪ್ರತಿ ತೆಗೆಯಲಿ. ಯಾವುದನ್ನೂ ಎಸೆಯುವ ಮುನ್ನ ಕನ್ನಡದಲ್ಲಿ ಒಂದು ಸರಳ ಪಟ್ಟಿ ಸಿದ್ಧವಾಗಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಬೇಕಾದುದು ಓದುವ ಕಣ್ಣು. ಆ ಜರ್ಮನ್ ಹಾಳೆಗಳು ಹಳೆಯ ಕೂಡುಬರಹದಲ್ಲಿವೆ. ಆ ಲಿಪಿಯನ್ನು ಜರ್ಮನಿಯ ಶಾಲೆಗಳೇ 1941ರಲ್ಲಿ ಕೈಬಿಟ್ಟವು. ಇಂದಿನ ಜರ್ಮನರಿಗೂ ಅದು ಕಷ್ಟ. ನಮ್ಮ ಮೋಡಿಯ ಸ್ಥಿತಿಯೂ ಇದೇ. ಮಂಗಳೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಈ ಎರಡು ಲಿಪಿಗಳ ಅಲ್ಪಾವಧಿ ತರಬೇತಿ ಏರ್ಪಡಿಸಬಾರದೇಕೆ? ಹತ್ತು ಮಂದಿ ಕಲಿತರೂ ‘ಓದಬಲ್ಲವರಿಲ್ಲ’ ಎಂಬ ಷರಾ ಬರೆಯುವ ಅವಕಾಶ ನನ್ನಂಥ ಅಧಿಕಾರಿಗಳಿಗೆ ತಪ್ಪುತ್ತದೆ.

ನಾನು ಸುಡಿಸಿದ ಗಂಟಿನಲ್ಲಿ ಏನಿತ್ತೆಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಆ ಚರ್ಚಿನ ಟ್ರಂಕಿನಲ್ಲಿ ಏನಿದೆಯೆಂದು ತಿಳಿಯಲು ಇನ್ನೂ ಕಾಲ ಮಿಂಚಿಲ್ಲ. ಸಭಾಪಾಲಕರು ಅದನ್ನು ಗೋಡೆಯಿಂದ ದೂರ, ಇಟ್ಟಿಗೆಗಳ ಮೇಲೆ ಎತ್ತಿ ಇಟ್ಟಿದ್ದಾರೆ. ಅವರಿಂದ ಆದುದನ್ನು ಅವರು ಮಾಡಿದ್ದಾರೆ; ಉಳಿದುದು ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕು.